ಮುಂದಿನ ಎಕ್ಸೆಲ್ ಕ್ರಾಸ್ ಎರಡು ಸಲ ಮುರಿದಿದೆ, ದಪ್ಪದ್ದು ಹಾಕಿಸಲಾ?

ಪ್ರಶ್ನೆ: ಸರ್, ಹೊಳಲ್ಕೆರೆ ಹತ್ತಿರ ನಮ್ಮ ತೋಟ. ಗಾಡಿ ಹಳೆಯ ಮಹೀಂದ್ರ ಜೀಪು, ಕಮಾನ್ ಪಟ್ಟಿಯದು, ಫೋರ್ ವೀಲ್. ಟೈರ್ 31 ಇಂಚಿನದು ಹಾಕಿಸಿದ್ದೀನಿ. ಒಂದೂವರೆ ವರ್ಷದಲ್ಲಿ ಮುಂದಿನ ಎಕ್ಸೆಲ್ ಕ್ರಾಸ್ ಎರಡು ಸಲ ಮುರೀತು. ಕ್ರೋಮೋಲಿ ಅನ್ನೋ ಗಟ್ಟಿ ಉಕ್ಕಿನ ಶಾಫ್ಟು, ದಪ್ಪ ಜಾಯಿಂಟು ಹಾಕಿಸಿಬಿಡು, ಮತ್ತೆ ತಲೆನೋವು ಇರಲ್ಲ ಅಂತಾರೆ ಸ್ನೇಹಿತರು. ಹಾಕಿಸಲಾ, ಸುಮ್ನೆ ಇರಲಾ?

ಉತ್ತರ: ಈಗಲೇ ಬೇಡ. ಮೊದಲು ಒಂದು ಮಾತು ಹೇಳಿ. ಮುರಿದ ಕ್ರಾಸ್ ಇಟ್ಟುಕೊಂಡಿದ್ದೀರಾ, ಗುಜರಿಗೆ ಹಾಕಿದಿರಾ? (ಗೊತ್ತಿಲ್ಲದವರಿಗೆ: ಮುಂದಿನ ಚಕ್ರ ತಿರುಗಿಸುವ ಶಾಫ್ಟ್ ಮಡಚಲು ಬರುವ ಹಾಗೆ ಎರಡು ತುಂಡಾಗಿರುತ್ತದೆ. ಅವನ್ನು ಜೋಡಿಸುವ, ಕೂಡು ಗುರುತಿನಂಥ ಉಕ್ಕಿನ ತುಂಡೇ ಕ್ರಾಸ್, ಆ ಜೋಡಣೆಯೇ ಜಾಯಿಂಟ್.)

ದಪ್ಪದ್ದು ಹಾಕಿಸಲಾ ಅನ್ನುವ ಪ್ರಶ್ನೆ ನನಗೆ ತಿಂಗಳಿಗೊಮ್ಮೆಯಾದರೂ ಬರುತ್ತದೆ. ಕೆಎ 16, ಅಂದರೆ ಚಿತ್ರದುರ್ಗದ ನಂಬರಿನವರದೇ ಜಾಸ್ತಿ. ದುರ್ಗದ ಕಡೆ ಕಲ್ಲು ಕಮ್ಮಿ ಇಲ್ಲವಲ್ಲ! ಎಲ್ಲರೂ ಕೇಳುವುದು ಯಾವ ಜಾಯಿಂಟ್ ಗಟ್ಟಿ ಅಂತ. ಇದ್ದದ್ದು ಯಾಕೆ ಮುರಿಯಿತು ಅಂತ ಕೇಳಿದವರು ಇಬ್ಬರೋ ಮೂವರೋ.

ನನ್ನದೇ ಕಥೆ ಹೇಳುತ್ತೇನೆ. ಜಗಳೂರು ಕಡೆ ಒಂದು ಹಳ್ಳಕ್ಕೆ ಜೀಪು ಇಳಿಸಿದ್ದೆ. ಹಿಂದಿನ ರಾತ್ರಿ ಮಳೆ ಬಿದ್ದು ಎರೆ ಮಣ್ಣು ಅಂಟು ಹಿಟ್ಟಿನ ಹಾಗೆ ಆಗಿತ್ತು. ಮುಂದೆ ಹೋಗಲು ದಾರಿ ಇರಲಿಲ್ಲ. ರಿವರ್ಸ್ ಹಾಕಿ, ಸ್ಟೇರಿಂಗ್ ಫುಲ್ ಕಟ್ ಮಾಡಿ, ದಡ ಹತ್ತಿಸಲು ಎಕ್ಸಲರೇಟರ್ ತುಳಿದೆ. ಎಡಗಡೆ ಚಕ್ರ ಗರಗರ ತಿರುಗುತ್ತಿತ್ತು. ಮಣ್ಣಿನಡಿ ಕಲ್ಲು ಸಿಕ್ಕಿದ್ದೇ ತಡ, 'ಟಪ್' ಅಂತ ಒಂದೇ ಸದ್ದು. ಆಮೇಲೆ ಮುಂದಿನ ಚಕ್ರಕ್ಕೆ ಜೀವವೇ ಇಲ್ಲ. ಟ್ರ್ಯಾಕ್ಟರ್ ತರಿಸಿ ಎಳೆಸಿದ್ದಾಯಿತು. ಟ್ರ್ಯಾಕ್ಟರಿನವನ ನಗು ಇನ್ನೂ ಕಣ್ಣ ಮುಂದೆ ಇದೆ.

ದಾವಣಗೆರೆಗೆ ತಂದು ಬಿಚ್ಚಿಸಿದಾಗ ನಾನೂ ದಪ್ಪ ಜಾಯಿಂಟಿನ ಮಾತೇ ತೆಗೆದೆ. ಮೆಕ್ಯಾನಿಕ್ ತುಂಡನ್ನು ಡೀಸೆಲ್‌ನಲ್ಲಿ ತೊಳೆದು ನನ್ನ ಕೈಗೆ ಕೊಟ್ಟ. "ಇದನ್ನ ನೋಡ್ರಿ ಮೊದಲು. ಹೆಂಗೆ ಮುರೀತು ಅಂತ ಇದೇ ಹೇಳ್ತೈತಿ" ಅಂದ. ನೋಡಿದೆ. ಒಡೆದ ಜಾಗದ ಅರ್ಧ ಭಾಗ ಕಪ್ಪಗೆ, ತುಕ್ಕು ಹಿಡಿದಿತ್ತು. ಇನ್ನರ್ಧ ಮಾತ್ರ ಹೊಸದಾಗಿ ಬೆಳ್ಳಗೆ ಹೊಳೆಯುತ್ತಿತ್ತು. ಅಂದರೆ ಅದು ಎಷ್ಟೋ ದಿನದ ಹಿಂದೆಯೇ ಬಿರುಕು ಬಿಟ್ಟಿತ್ತು. ಹಳ್ಳದಲ್ಲಿ ನಾನು ಕೊಟ್ಟಿದ್ದು ಕೊನೆಯ ಪೆಟ್ಟು ಅಷ್ಟೇ.

ನಿಮ್ಮ ತುಂಡನ್ನೂ ಹೀಗೇ ನೋಡಿ. ಪೂರ್ತಿ ಹೊಸ ಒಡಕಾಗಿದ್ದು, ಹರಳು ಹರಳಾಗಿ ಕಂಡರೆ ಒಂದೇ ಏಟಿಗೆ ಹೋಗಿದೆ. ಕ್ರಾಸಿನ ಕೈಗಳ ಮೇಲೆ ಸಾಲಾಗಿ ಗೆರೆ ಬಿದ್ದಿದ್ದರೆ ಸೂಜಿ ಬೇರಿಂಗ್ ಒಂದೇ ಜಾಗದಲ್ಲಿ ಬಡಿದು ತಿಂದಿದೆ. ಆ ಸೂಜಿಗಳು ಕೂರುವ ಟೋಪಿ, ಅಂದರೆ ಕಪ್ ಒಳಗೆ ಕೆಂಪು ಪುಡಿ ಇದ್ದರೆ ಗ್ರೀಸ್ ಒಣಗಿ ಕಾಲವಾಗಿದೆ. ಹಳೆಯ ಜೀಪಿನಲ್ಲಿ ಕ್ರಾಸ್ ಹೊರಗೆ ಕಾಣುವುದಿಲ್ಲ, ಚಕ್ರದ ಹಿಂದಿನ ದುಂಡನೆಯ ಮುಚ್ಚಿದ ಚಿಪ್ಪು, ಅಂದರೆ ನಕಲ್ (knuckle) ಒಳಗಿರುತ್ತದೆ. ಅಲ್ಲಿನ ಸೀಲ್ ಹರಿದಿದ್ದು, ಕೆರೆಯಲ್ಲೋ ಕಾಲುವೆಯಲ್ಲೋ ಗಾಡಿ ಇಳಿಸಿದ್ದರೆ ಒಳಗಿನ ಗ್ರೀಸ್ ಮಜ್ಜಿಗೆ ಬಣ್ಣಕ್ಕೆ ತಿರುಗಿರುತ್ತದೆ. ಒಂದೇ ಏಟಿನದನ್ನು ಬಿಟ್ಟರೆ ಇವೆಲ್ಲ ಗಟ್ಟಿ ಸಾಲದೆ ಆದ ತೊಂದರೆ ಅಲ್ಲ, ನೋಡಿಕೊಳ್ಳದೆ ಆದದ್ದು. ಅಲ್ಲಿಗೆ ಎಷ್ಟು ದುಬಾರಿ ಜಾಯಿಂಟ್ ಹಾಕಿದರೂ ನೀರು ಹೋದರೆ ಅದೇ ಗತಿ.

ಇನ್ನು ಯೋಕ್. ಕ್ರಾಸಿನ ಕಪ್ ಕೂರುತ್ತದಲ್ಲ, ಶಾಫ್ಟಿನ ತುದಿಯ ಆ ಎರಡು ಕಿವಿಗಳು. ನನ್ನ ಅನುಭವದಲ್ಲಿ ಜನ ನೋಡದೆ ಬಿಡುವುದು ಇದನ್ನೇ. ಒಮ್ಮೆ ಜೋರಾಗಿ ಏಟು ಬಿದ್ದರೆ ಕಿವಿಯ ತೂತು ಕೂದಲೆಳೆಯಷ್ಟು ಅಗಲವಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಹೊಸ ಕ್ರಾಸ್ ಹಾಕುವಾಗ ಕಪ್ ಸುತ್ತಿಗೆಯ ಏಟಿಲ್ಲದೆ ಕೈಯಲ್ಲೇ ಒತ್ತಿದರೆ ಸಲೀಸಾಗಿ ಒಳಗೆ ಹೋಗುತ್ತದೆ. ಆಗ ಕೆಲಸ ಸುಲಭವಾಯಿತು ಅಂತ ಖುಷಿಪಡಬೇಡಿ! ಆ ಶಾಫ್ಟಿನ ಕೆಲಸ ಮುಗಿದಿದೆ ಅಂತ ಅರ್ಥ. ಕಪ್ ಅಲ್ಲಾಡುತ್ತದೆ, ಅದನ್ನು ಹಿಡಿದ ಕ್ಲಿಪ್ ಹಾರುತ್ತದೆ, ಕಪ್ ಹೊರಗೆ ಬರುತ್ತದೆ, ಕ್ರಾಸ್ ಮುರಿಯುತ್ತದೆ. ಬೈಗುಳ ಮಾತ್ರ ಕ್ರಾಸಿಗೆ. ನಿಮ್ಮ ಎರಡನೇ ಕ್ರಾಸ್ ಮೊದಲನೆಯದರ ಬದಿಯಲ್ಲೇ ಮುರಿದಿದ್ದರೆ ನನಗೆ ಅನುಮಾನ ಬರುವುದು ಇಲ್ಲೇ.

ಇಷ್ಟಕ್ಕೂ ಈ ಜಾಯಿಂಟಿಗೆ ಇಷ್ಟು ಕಷ್ಟ ಯಾಕೆ? ಮುಂದಿನ ಚಕ್ರ ಎರಡು ಕೆಲಸ ಮಾಡಬೇಕು. ಉರುಳಲೂ ಬೇಕು, ಎಡಬಲಕ್ಕೆ ಹೊರಳಲೂ ಬೇಕು. ಶಾಫ್ಟ್ ನೇರ ಇದ್ದಾಗ ಕ್ರಾಸ್ ಆರಾಮಾಗಿರುತ್ತದೆ. ಸ್ಟೇರಿಂಗ್ ಕಟ್ ಮಾಡಿದ ಕೂಡಲೇ ಅದರ ತಾಳ ತಪ್ಪುತ್ತದೆ. 30 ಡಿಗ್ರಿ ಮಡಚಿದಾಗ ಒಳಗಿನ ಶಾಫ್ಟ್ 100ರ ವೇಗದಲ್ಲಿ ಒಂದೇ ಸಮನೆ ತಿರುಗಿದರೂ ಹೊರಗಿನದು 87ಕ್ಕೂ 115ಕ್ಕೂ ನಡುವೆ ಎಳೆದಾಡುತ್ತದೆ. ಅದೂ ಒಂದು ಸುತ್ತಿನಲ್ಲಿ ಎರಡೆರಡು ಸಲ. ಲೋ ಗೇರಿನಲ್ಲಿ ಫುಲ್ ಕಟ್ ಮಾಡಿದಾಗ ಸ್ಟೇರಿಂಗ್ ಕೈಯಲ್ಲಿ ಕುಣಿಯುತ್ತದಲ್ಲ, ಅದು ಇದೇ. ಮಡಚಿದರೂ ಒಂದೇ ವೇಗದಲ್ಲಿ ತಿರುಗಿಸುವ ಸಿವಿ ಜಾಯಿಂಟಿನಲ್ಲಿ ಈ ಎಳೆದಾಟ ಇಲ್ಲ, ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು ಆ ಕೆಲಸ ಮಾಡುತ್ತವೆ. ಇದು ಹಳೆಯ ಜಗಳ ಬಿಡಿ. ಎರಡನೇ ಮಹಾಯುದ್ಧದ ಜೀಪುಗಳಿಗೇ ಬೆಂಡಿಕ್ಸ್, ರ್ಜೆಪ್ಪಾ, ಟ್ರಾಕ್ಟಾ, ಸ್ಪೈಸರ್ ಅಂತ ನಾಲ್ಕು ಬಗೆಯ ಜಾಯಿಂಟ್ ಹಾಕಿದ್ದರು.

ಈಗ ಸ್ವಲ್ಪ ಲೆಕ್ಕ. ಬೇಜಾರು ಮಾಡಿಕೊಳ್ಳಬೇಡಿ, ಹಾಕಿಸಬೇಕೋ ಬೇಡವೋ ಅನ್ನುವುದು ತೀರ್ಮಾನವಾಗುವುದು ಇಲ್ಲೇ.

ಎಂಜಿನ್ ಜೋರಿದ್ದರೆ ಜಾಯಿಂಟ್ ಮುರಿಯುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಲೋ ಗೇರಿನಲ್ಲಿ ಯಾವ ಎಂಜಿನ್ನಿಗಾದರೂ ಸಾಕಷ್ಟು ಜೋರು ಇರುತ್ತದೆ. ಎಂಜಿನ್ 15 ಕೆಜಿ-ಮೀಟರ್ ತಿರುಚುವ ಬಲ ಕೊಡುತ್ತದೆ ಅನ್ನಿ. ಅದನ್ನು ಮೊದಲ ಗೇರು 4 ಪಟ್ಟು, ಲೋ ಗೇರು 2.5 ಪಟ್ಟು, ಎಕ್ಸೆಲ್ ನಡುವಿನ ಕ್ರೌನ್ ಗೇರು 5 ಪಟ್ಟು ಮಾಡುತ್ತದೆ ಅಂತ ಇಟ್ಟುಕೊಳ್ಳಿ. ಗುಣಿಸಿದರೆ 750 ಆಯಿತು. ಅರ್ಧ ಮುಂದಕ್ಕೆ ಬಂದರೂ 375. ಜಾಯಿಂಟಿಗೆ ಇಷ್ಟೂ ಬರುವುದಿಲ್ಲ. ಯಾಕೆಂದರೆ ಅದಕ್ಕೂ ಮೊದಲೇ ಟೈರ್ ಜಾರುತ್ತದೆ. ಅಂದರೆ ಮಿತಿ ಹಾಕುವುದು ಎಂಜಿನ್ ಅಲ್ಲ, ನೆಲದ ಹಿಡಿತ.

ಒಂದು ಮುಂದಿನ ಚಕ್ರದ ಮೇಲೆ 425 ಕೆಜಿ ಭಾರ ಇದೆ ಅನ್ನಿ. ಒಣ ಬಂಡೆಯ ಮೇಲೆ ಹಿಡಿತ 0.8. ಕಂಪನಿ ಟೈರಿನ ಅರ್ಧ ಎತ್ತರ 0.35 ಮೀಟರ್. ಮೂರನ್ನೂ ಗುಣಿಸಿದರೆ 119 ಕೆಜಿ-ಮೀಟರ್. ಒಂದು ಮೀಟರ್ ಕಂಬಿಯ ತುದಿಗೆ ಎರಡು ಚೀಲ ಮೆಕ್ಕೆಜೋಳ ನೇತು ಹಾಕಿ ಶಾಫ್ಟನ್ನು ತಿರುಚಿದ ಹಾಗೆ. ನಿಮ್ಮ 31 ಇಂಚಿನ ಟೈರಿಗೆ ಭಾರ ಬಿದ್ದಾಗ ಸುಮಾರು 0.38. ಆಗ 129. ಜಾಸ್ತಿಯಾದದ್ದು 10 ಅಷ್ಟೇ! ಟೈರ್ ದೊಡ್ಡದಾಯಿತು, ಅದಕ್ಕೇ ಮುರಿಯಿತು ಅನ್ನುವ ಮಾತಿನಲ್ಲಿ ಅರ್ಧ ಸತ್ಯವೂ ಇಲ್ಲ.

ರಿವರ್ಸಿನಲ್ಲಿ ದಡ ಹತ್ತುವಾಗ ನೋಡಿ. ಗಾಡಿಯ ಭಾರವೆಲ್ಲ ಕೆಳಗಿರುವ ಮುಂದಿನ ಚಕ್ರಗಳ ಮೇಲೆ ಬರುತ್ತದೆ. ಅದೇ ಚಕ್ರದ ಮೇಲೆ 550 ಕೆಜಿ ಆದರೆ 167. ಅದರ ಮೇಲೆ ಸ್ಟೇರಿಂಗ್ ಬೇರೆ ಕಟ್ ಆಗಿರುತ್ತದೆ. ಹಳ್ಳದಲ್ಲಿ ನಾನು ಮಾಡಿದ್ದು ಇದನ್ನೇ.

ಎಡಬಲ ಚಕ್ರ ಎರಡೂ ಒಟ್ಟಿಗೇ ತಿರುಗುವಂತೆ ಕಟ್ಟಿಹಾಕುವ ಲಾಕರ್ ಹಾಕಿಸಿದರೆ ಆಟವೇ ಬೇರೆ. ಲಾಕರ್ ಇಲ್ಲದ ಗಾಡಿಯಲ್ಲಿ ಒಂದು ಚಕ್ರ ಗಾಳಿಗೆ ಎದ್ದರೆ ಅದು ಸುಮ್ನೆ ತಿರುಗುತ್ತದೆ, ಇನ್ನೊಂದಕ್ಕೂ ಬಲ ಹೋಗುವುದಿಲ್ಲ. ನಾವು ಅದನ್ನು ಬೈಯುತ್ತೇವೆ. ಆದರೆ ಜಾಯಿಂಟನ್ನು ಕಾಯುತ್ತಿರುವುದು ಅದೇ. ಲಾಕರ್ ಹಾಕಿದರೆ ಮುಂದಿನ 850 ಕೆಜಿಯೂ ನೆಲದಲ್ಲಿರುವ ಒಂದೇ ಚಕ್ರದ ಮೇಲೆ ಬಂದು, ಒಂದೇ ಕ್ರಾಸಿನ ಮೇಲೆ 258 ಬೀಳಬಹುದು. ಹೆಚ್ಚುಕಡಿಮೆ ಎರಡರಷ್ಟು. ಹಾಗಾಗಿ ಮುಂದಕ್ಕೆ ಲಾಕರ್ ಹಾಕಿಸುವವರು ಕೇಳಿದರೆ ನಾನು ಎರಡು ಮಾತಿಲ್ಲದೆ ಹೇಳುತ್ತೇನೆ: ಮೊದಲು ಶಾಫ್ಟು, ಜಾಯಿಂಟು. ಆಮೇಲೆ ಲಾಕರ್.

ಇಷ್ಟೂ ನಿಧಾನವಾಗಿ ಬೀಳುವ ಭಾರದ ಲೆಕ್ಕ. ತಿರುಗುತ್ತಿರುವ ಚಕ್ರ ದಿಢೀರನೆ ಕಲ್ಲು ಕಚ್ಚಿದಾಗ ಬೀಳುವ ಏಟಿಗೆ ಇಂಥ ಲೆಕ್ಕ ಇಲ್ಲ. ಚಕ್ರ ತಿರುಗತೊಡಗಿದರೆ ಎಕ್ಸಲರೇಟರ್ ಬಿಡಿ. ಇದಕ್ಕಿಂತ ಅಗ್ಗದ ಅಪ್‌ಗ್ರೇಡ್ ನನಗೆ ಗೊತ್ತಿಲ್ಲ.

ಟಾರ್ ರಸ್ತೆಯಲ್ಲಿ ಫೋರ್ ವೀಲ್ ಹಾಕಿಕೊಂಡು ಓಡಿಸುವವರೂ ಇದ್ದಾರೆ. ಮಣ್ಣಿನಲ್ಲಾದರೆ ಚಕ್ರ ಜಾರಿ ಹೊಂದಿಕೊಳ್ಳುತ್ತದೆ. ಟಾರಿನಲ್ಲಿ ಜಾರಲು ಜಾಗ ಇಲ್ಲದೆ ಪ್ರತಿ ತಿರುವಿನಲ್ಲೂ ಶಾಫ್ಟುಗಳು ಹಗ್ಗ ಹೊಸೆದ ಹಾಗೆ ತಿರುಚಿಕೊಳ್ಳುತ್ತವೆ. ಕಾಡಿನಿಂದ ಹೈವೇಗೆ ಬಂದ ಮೇಲೆ ಟೂ ವೀಲಿಗೆ ಹಾಕಲು ಮರೆಯುತ್ತೀರಾ, ನೆನಪಿಸಿಕೊಳ್ಳಿ.

ಇನ್ನು ಏನು ಹಾಕಿಸಬಹುದು ಅನ್ನುವುದು. ಅದೇ ಅಳತೆಯ ಒಳ್ಳೆಯ ಕಂಪನಿ ಕ್ರಾಸ್ ಮೊದಲ ಆಯ್ಕೆ. ಡಬ್ಬಿ ಒಳ್ಳೆಯದು, ಒಳಗಿನ ಮಾಲು ಕಳಪೆ ಅನ್ನುವ ವ್ಯಾಪಾರವೂ ಇದೆ. ನಾನೇ ಒಮ್ಮೆ ಒಂದು ಅಂಗಡಿಯಲ್ಲಿ ಮೋಸ ಹೋಗಿದ್ದೇನೆ, ಮೂರು ತಿಂಗಳಿಗೆ ಸೂಜಿಗಳು ಪುಡಿಯಾದವು. ಗ್ರೀಸ್ ನಿಪ್ಪಲ್ ಇಲ್ಲದ ಗಟ್ಟಿ ಕ್ರಾಸ್ ಸಿಕ್ಕರೆ ಅದು ಇನ್ನೂ ಬಲ. ಗ್ರೀಸ್ ಹೋಗಲು ಒಳಗೆ ತೂತು ಕೊರೆದಿರುವುದಿಲ್ಲ, ಅದಕ್ಕೆ. ಕಪ್ ಹಿಡಿಯಲು ಅರ್ಧ ಸುತ್ತಿನ ಕ್ಲಿಪ್ ಬದಲು ಪೂರ್ತಿ ಸುತ್ತಿನದು ನಿಮ್ಮ ಯೋಕಿಗೆ ಹೊಂದಿದರೆ ಹಾಕಿಸಿ. ಕಪ್ಪಿಗೆ ವೆಲ್ಡಿಂಗ್ ಚುಕ್ಕಿ ಇಡುವವರೂ ಇದ್ದಾರೆ. ಮುಂದೆ ಬಿಚ್ಚುವಾಗ ಗ್ರೈಂಡರ್ ಹಿಡಿಯಬೇಕು. ನನಗಂತೂ ಇಷ್ಟವಿಲ್ಲ.

ಕ್ರೋಮೋಲಿ ಅನ್ನುವುದು ಮಾಯದ ಲೋಹ ಅಲ್ಲ. ಆ ಶಾಫ್ಟುಗಳಿಗೆ ಸಾಮಾನ್ಯವಾಗಿ ಬಳಸುವ 4340 ಉಕ್ಕಿಗೆ ಹತ್ತಿರದ್ದನ್ನು ನಮ್ಮ ಲೇತ್‌ನವರು ಇಎನ್ 24 ಅನ್ನುತ್ತಾರೆ. ಹರಿಹರ ಒಂದು ಕಾಲಕ್ಕೆ ಕಿರ್ಲೋಸ್ಕರ್ ಲೇತ್‌ಗಳನ್ನು ಮಾಡಿದ ಊರು. ಶಾಫ್ಟ್ ಕಡೆದು ಹಲ್ಲು ತೆಗೆದುಕೊಡುವ ಕೈಗಳಿಗೆ ಈ ಭಾಗದಲ್ಲಿ ಬರ ಇಲ್ಲ. ಆದರೆ ಕಡೆಯುವುದು ಅರ್ಧ ಕೆಲಸ ಮಾತ್ರ. ಸರಿಯಾಗಿ ಕಾಯಿಸಿ ಹದ ಮಾಡದಿದ್ದರೆ ಇಎನ್ 24 ಕೂಡ ಜಿಲೇಬಿಯ ಹಾಗೆ ತಿರುಚುತ್ತದೆ, ಹದ ಮೀರಿದರೆ ಗಾಜಿನ ಹಾಗೆ ಒಡೆಯುತ್ತದೆ. ಹದ ಎಲ್ಲಿ ಮಾಡಿಸುತ್ತೀರಿ ಅಂತ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಹೊರದೇಶದ ಸೆಟ್ ತರಿಸಿದರೆ ಕ್ರಾಸಿನ ಬೆಲೆಗೂ ಅದಕ್ಕೂ ಅಜಗಜಾಂತರ.

ಇನ್ನೊಂದು ವಿಷಯ ಸ್ನೇಹಿತರು ಹೇಳಿರಲಿಕ್ಕಿಲ್ಲ. ಸರಪಳಿಯಲ್ಲಿ ಒಂದು ಕೊಂಡಿ ಗಟ್ಟಿ ಮಾಡಿದರೆ ಪಕ್ಕದ್ದು ಮುರಿಯುತ್ತದೆ. ಇವತ್ತು ಮುರಿಯುತ್ತಿರುವುದು ಕ್ರಾಸು. ಅರ್ಧ ದಿನದ ಕೆಲಸ. ಅದು ಮುರಿಯದಿದ್ದರೆ ಏಟು ಚಕ್ರದ ಹಬ್ಬಿಗೋ (hub) ಕ್ರೌನ್ ಪಿನಿಯನ್ನಿಗೋ ಹೋಗುತ್ತದೆ. ಕ್ರೌನ್ ಹಲ್ಲು ಹಾರಿದರೆ ಹೌಸಿಂಗ್ ಪೂರ್ತಿ ಬಿಚ್ಚಬೇಕು. ಮನೆಯ ಮೇನ್ ಸ್ವಿಚ್ಚಿನ ಫ್ಯೂಸಿಗೆ ದಪ್ಪ ತಂತಿ ಕಟ್ಟಿದ ಕಥೆ, ಅಲ್ವಾ?

ಜಿಪ್ಸಿಯವರಿಗೆ ಒಂದು ಸಾಲು: ನಿಮ್ಮದು ಆಗಲೇ ಗುಂಡಿನ ಜಾಯಿಂಟು, ನಕಲ್ ಸೀಲ್ ನೋಡಿಕೊಳ್ಳಿ ಸಾಕು. ಥಾರ್‌ನವರು ಮುಂದೆ ಎತ್ತರಿಸುವ ಮೊದಲು ಯೋಚಿಸಿ. ಎತ್ತರಿಸಿದಷ್ಟೂ ಜಾಯಿಂಟ್ ಸದಾ ಮಡಚಿಕೊಂಡೇ ಓಡುತ್ತದೆ, ರಬ್ಬರ್ ಬೂಟ್ ಬೇಗ ಹರಿಯುತ್ತದೆ. ಟೈರ್ ವಿಷಯವೂ ಅಷ್ಟೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಆರ್‌ಸಿಯ ವಿವರಕ್ಕೆ ಹೊಂದದ ಬದಲಾವಣೆ ಆರ್‌ಟಿಒ ಮುಂದೆ ಕಷ್ಟ.

ನಿಮ್ಮ ಗಾಡಿಗೆ ಬರೋಣ. ಲಾಕರ್ ಇದೆ ಅಂತ ನೀವು ಬರೆದಿಲ್ಲ, ಇಲ್ಲ ಅಂದುಕೊಳ್ಳುತ್ತೇನೆ. ಹಾಗಿದ್ದರೆ ಎರಡೂ ಬದಿಗೆ ಒಳ್ಳೆಯ ಕ್ರಾಸ್, ಹೊಸ ನಕಲ್ ಸೀಲು, ಹೊಸ ಗ್ರೀಸು. ಚಕ್ರ ಎಷ್ಟು ಕಟ್ ಆಗಬೇಕು ಅಂತ ತಡೆಯುವ ಸ್ಟೇರಿಂಗ್ ಸ್ಟಾಪ್ ಬೋಲ್ಟನ್ನು ಸ್ವಲ್ಪ ಹೊರಗೆ ತೆಗೆಸಿ, ಫುಲ್ ಕಟ್ಟಿನಲ್ಲಿ ಯೋಕಿನ ಕಿವಿಗಳು ಒಂದಕ್ಕೊಂದು ತಾಗಬಾರದು. ಗಾಡಿ ತಿರುಗಲು ಜಾಗ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಪರವಾಗಿಲ್ಲ. ಸೀಟಿನಡಿ ಒಂದು ಕ್ರಾಸ್, ಎರಡು ಜೊತೆ ಕ್ಲಿಪ್, ಸರ್ಕ್ಲಿಪ್ ಪ್ಲೈಯರ್ ಇರಲಿ.

ಕ್ರಾಸ್ ಹಾಕಿಸುವ ದಿನ ಗ್ಯಾರೇಜಿನಲ್ಲಿ ನೀವೇ ನಿಂತಿರಿ. ನಾಲ್ಕೂ ಕಪ್ ಯೋಕಿಗೆ ಕೂರಿಸುವಾಗ ಯಾವುದಾದರೂ ಒಂದು ಕೈಯಲ್ಲೇ ಒಳಗೆ ಹೋಯಿತಾ ನೋಡಿ. ಹೋದರೆ ಆ ಶಾಫ್ಟ್ ಬದಲಾಯಿಸಲೇಬೇಕು, ಆಗ ಇಎನ್ 24ರ ಮಾತು ಆಡೋಣ. ಹೋಗದಿದ್ದರೆ ಆ ದುಡ್ಡಿಗೆ ಡೀಸೆಲ್ ಹಾಕಿಸಿ. ಗುಜರಿಗೆ ಹಾಕಿಲ್ಲದಿದ್ದರೆ ಮುರಿದ ಎರಡೂ ತುಂಡುಗಳ ಫೋಟೋ ಕಳಿಸಿ, ಒಡೆದ ಮುಖ ಬೆಳಕಿಗೆ ಇರಲಿ.