ಸೇಫ್ಟಿಗೂ ಸೆಕ್ಯುರಿಟಿಗೂ ನಡುವೆ ಒಂದು ಬೀಗ

ಇಂಗ್ಲಿಷ್ ಕಾಗದಪತ್ರಗಳನ್ನು ಕನ್ನಡಕ್ಕೆ ಅನುವಾದ ಮಾಡಿಕೊಡುವುದು ದಾವಣಗೆರೆಯಲ್ಲಿ ನನ್ನ ಹೊಟ್ಟೆಪಾಡು. ಒಮ್ಮೆ ಒಂದು ಅಕ್ಕಿ ಗಿರಣಿಯವರು ಗೋಡೆಗೆ ಹಾಕುವ ಬೋರ್ಡುಗಳನ್ನು ಕೊಟ್ಟರು. ಒಂದರಲ್ಲಿ ಸೇಫ್ಟಿ, ಇನ್ನೊಂದರಲ್ಲಿ ಸೆಕ್ಯುರಿಟಿ. ಎರಡೂ ಒಂದೇ ಅಲ್ವಾ ಅಂದುಕೊಂಡು ಎರಡಕ್ಕೂ ‘ಸುರಕ್ಷತಾ ವಿಭಾಗ’ ಅಂತ ಬರೆದುಕೊಟ್ಟೆ. ವಾರದೊಳಗೆ ಸೂಪರ್‌ವೈಸರ್ ಫೋನ್ ಮಾಡಿದರು: “ಸಾರ್, ಹಮಾಲ್ರು ಧೂಳಿನ ಮಾಸ್ಕ್ ಕೇಳಾಕೆ ಗೇಟಿನ ವಾಚ್‌ಮನ್ ಹತ್ರ ಹೋಗ್ತಿದಾರೆ.”

ತಪ್ಪು ನನ್ನದೇ. ಯಾರೂ ಬೇಕಂತ ಮಾಡದ ಕೇಡಿನಿಂದ ಕಾಯುವುದು ಸೇಫ್ಟಿ: ಕಾಲು ಜಾರುವುದು, ಬೆಲ್ಟಿಗೆ ಕೈ ಸಿಕ್ಕುವುದು, ಬೆಂಕಿ ಹತ್ತುವುದು. ಬೇಕಂತಲೇ ಬರುವವನಿಂದ ಕಾಯುವುದು ಸೆಕ್ಯುರಿಟಿ. ಚಿತ್ರದುರ್ಗದ ಕೋಟೆ ಹತ್ತಿದವರಿಗೆ ಇದು ಸುಲಭ. ಏಳು ಸುತ್ತಿನ ಗೋಡೆ, ನೇರ ನುಗ್ಗಲಾಗದಂತೆ ತಿರುಗಿಸಿದ ಬಾಗಿಲುಗಳು, ಎಲ್ಲ ಸೆಕ್ಯುರಿಟಿ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ತೂರಿ ಬಂದಾಗ ಓಬವ್ವ ಒನಕೆ ಎತ್ತಿದ್ದೂ ಅದಕ್ಕೇ. ಮಳೆ ಬಂದ ಮೇಲೆ ಅಲ್ಲಿನ ಕಲ್ಲಿನ ಮೇಲೆ ಕಾಲಿಡುವಾಗ ಬೇಕಾಗುವುದು ಸೇಫ್ಟಿ. ಅಲ್ಲಿ ಒನಕೆಯಿಂದ ಏನೂ ಉಪಯೋಗವಿಲ್ಲ, ಒಳ್ಳೆ ಚಪ್ಪಲಿ ಬೇಕು.

ಇಷ್ಟು ಹೇಳಿ ಮುಗಿಸುವವರೇ ಜಾಸ್ತಿ. ಆದರೆ ಈ ಸೂತ್ರ ಅರ್ಧ ದಾರಿಗೆ ಕೈ ಕೊಡುತ್ತದೆ. 2006ರದ್ದು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಇಂಗ್ಲಿಷಿನಲ್ಲಿ ಅಲ್ಲಿರುವುದು ಸೇಫ್ಟಿ. ತಟ್ಟೆಯಲ್ಲಿರುವುದನ್ನು ತಿಂದರೆ ಹೊಟ್ಟೆ ಕೆಡಬಾರದು, ಅಷ್ಟೆ. 2013ರದ್ದು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ. ಇಲ್ಲಿರುವುದು ಸೆಕ್ಯುರಿಟಿ. ಅಂತ್ಯೋದಯ ಕುಟುಂಬಕ್ಕೆ ತಿಂಗಳಿಗೆ 35 ಕೆಜಿ, ಆದ್ಯತಾ ಕುಟುಂಬದಲ್ಲಿ ತಲಾ 5 ಕೆಜಿ ಧಾನ್ಯ. ಇದರಲ್ಲಿ ಕಳ್ಳ ಎಲ್ಲಿದ್ದಾನೆ? (ರೇಷನ್ ಅಂಗಡಿಯ ಸುದ್ದಿ ಬೇರೆ ಬಿಡಿ.)

ಉತ್ತರ ಪದದ ಬೇರಿನಲ್ಲಿದೆ. ಎರಡೂ ಲ್ಯಾಟಿನ್‌ನಿಂದ ಬಂದವು. ಸೇಫ್‌ನ ಮೂಲ ‘ಸಾಲ್ವುಸ್’, ಅಂದರೆ ಗಾಯವಿಲ್ಲದೆ ಇಡಿಯಾಗಿರುವುದು. ಸೆಕ್ಯೂರ್‌ನಲ್ಲಿ ‘ಸೆ’ ಅಂದರೆ ಇಲ್ಲದೆ, ‘ಕೂರಾ’ ಅಂದರೆ ಚಿಂತೆ. ನಮ್ಮ ‘ನಿಶ್ಚಿಂತೆ’ಯೇ! ನಾಳೆಯ ಊಟದ ಚಿಂತೆ ಇಲ್ಲದಿರುವುದು ಆಹಾರ ಭದ್ರತೆ. ಮುಪ್ಪಿನ ಚಿಂತೆ ಇಲ್ಲದಿರುವುದು ಸಾಮಾಜಿಕ ಭದ್ರತೆ. ಸಾಲ ಕೊಟ್ಟ ಬ್ಯಾಂಕು ಸೆಕ್ಯುರಿಟಿ ಕೇಳುವುದೂ ತನ್ನ ನಿಶ್ಚಿಂತೆಗೇ. ಅದಕ್ಕೆ ಭದ್ರತೆ ಅಂತ ಬರೆದರೆ ರೈತರಿಗೆ ತಿಳಿಯದು, ನಾನು ‘ಅಡಮಾನ’ ಅಂತಲೇ ಬರೆಯುತ್ತೇನೆ.

ಎರಡೂ ಜಗಳಕ್ಕೆ ಬೀಳುವುದೂ ಉಂಟು. ಅದೇ ಗಿರಣಿಗೆ ಬೋರ್ಡು ತಿದ್ದಲು ಹೋದಾಗ ನೋಡಿದೆ, ಹಿಂದಿನ ಬಾಗಿಲಿಗೆ ದಪ್ಪನೆಯ ಬೀಗ. ಅಕ್ಕಿ ಮೂಟೆ ಕಳುವಾಗಬಾರದಲ್ಲ, ಸೆಕ್ಯುರಿಟಿ ಅಂದರು ಮಾಲೀಕರು. ಒಳಗೆ ಬೆಂಕಿ ಬಿದ್ದರೆ ಎಂದು ಕೇಳಿದೆ. ಅವರು ಸುಮ್ಮನಾದರು. ತಿಂಗಳ ಮೇಲೆ ಮತ್ತೆ ಹೋದಾಗ ಬೇರೆ ಚಿಲಕ ಬಂದಿತ್ತು. ಹೊರಗಿನಿಂದ ಬರಲು ಕೀಲಿ ಬೇಕು, ಒಳಗಿನಿಂದ ಅಡ್ಡಪಟ್ಟಿ ತಳ್ಳಿದರೆ ಸಾಕು.

“ಇದಕ್ಕೆ ಯಾವ ಪದ ಬರೀತೀರಿ, ಸುರಕ್ಷತೆನೋ ಭದ್ರತೆನೋ?” ಎಂದು ನಕ್ಕರು. ‘ತಳ್ಳಿ’ ಅಂತ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ.