ಹೊಸ ಚೈನ್ ಹಾಕಿದ ಮೇಲೆ ಪೆಡಲ್ ಜಾರುವುದೇಕೆ?

ಪ್ರಶ್ನೆ: ಏಳು ವರ್ಷದಿಂದ ಓಡಿಸುತ್ತಿರುವ ಗೇರಿಲ್ಲದ ಸೈಕಲ್ಲಿಗೆ ಕಳೆದ ವಾರ ಹೊಸ ಚೈನ್ ಹಾಕಿಸಿದೆ. ಸಮತಟ್ಟಾದ ರಸ್ತೆಯಲ್ಲಿ ಏನೂ ತೊಂದರೆಯಿಲ್ಲ. ಏರಿನಲ್ಲಿ ಎದ್ದು ನಿಂತು ತುಳಿದರೆ ಮಾತ್ರ ‘ಕಟಕ್’ ಎಂದು ಸದ್ದಾಗಿ ಪೆಡಲು ಒಮ್ಮೆಲೇ ಕುಸಿಯುತ್ತದೆ. ಹಳೆಯ ಚೈನನ್ನೇ ಮತ್ತೆ ಹಾಕಿ ನೋಡಿದೆ, ಜಾರುವುದಿಲ್ಲ. ಅಂಗಡಿಯವರು ಹಿಂಚಕ್ರದ ಹಲ್ಲುಚಕ್ರವಾದ ಫ್ರೀವೀಲನ್ನೂ ಬದಲಿಸಬೇಕು ಎನ್ನುತ್ತಾರೆ. ಹೊಸ ಚೈನೇ ಕಳಪೆಯೋ, ಇಲ್ಲವೇ ಇದು ಬಿಲ್ಲು ಬೆಳೆಸುವ ಮಾತೋ?

ಉತ್ತರ: ಅಂಗಡಿಯವರು ಹೇಳಿದ್ದು ಸರಿ, ಹೊಸ ಚೈನಿನಲ್ಲಿಯೂ ದೋಷವಿರಲಾರದು. ಹಳೆಯ ಚೈನ್ ಹಾಕಿದಾಗ ಜಾರುವುದಿಲ್ಲ ಎಂದಿರಲ್ಲ, ರೋಗಪತ್ತೆಯ ಮುಕ್ಕಾಲು ಭಾಗವನ್ನು ಆ ಒಂದು ಪರೀಕ್ಷೆಯಿಂದ ನೀವೇ ಮುಗಿಸಿದ್ದೀರಿ. ಫ್ರೀವೀಲಿನ ಹೊಟ್ಟೆಯೊಳಗೆ ಸ್ಪ್ರಿಂಗಿನ ಒತ್ತಡದಲ್ಲಿ ನಿಂತ ಪುಟ್ಟ ಉಕ್ಕಿನ ನಾಲಿಗೆಗಳಿರುತ್ತವೆ; ಪೆಡಲು ನಿಲ್ಲಿಸಿ ಸೈಕಲ್ಲನ್ನು ಹರಿಯಬಿಟ್ಟಾಗ ಟಿಕ್ ಟಿಕ್ ಎನ್ನುವುದು ಅವೇ. ಅವು ಸವೆದರೂ, ಒಣಗಿದ ಗ್ರೀಸಿಗೆ ಅಂಟಿಕೊಂಡರೂ ಪೆಡಲು ಹೀಗೆಯೇ ಕುಸಿಯುತ್ತದೆ. ಆದರೆ ಅಲ್ಲಿ ತಪ್ಪಿದ್ದರೆ ಚೈನ್ ಹಳೆಯದಾಗಲಿ ಹೊಸದಾಗಲಿ ಜಾರಲೇಬೇಕಿತ್ತು. ಚೈನಿನ ಒಂದು ಕೊಂಡಿ ಬಿಗಿಹಿಡಿದಿದ್ದರೂ ‘ಕಟಕ್’ ಎನ್ನುತ್ತದೆ, ಆದರೆ ಅದು ಏರು ಇಳಿವು ನೋಡುವುದಿಲ್ಲ. ಪೆಡಲು ಎರಡು ಸುತ್ತಿಗಿಂತ ತುಸು ಹೆಚ್ಚು ತಿರುಗಿದಾಗಲೊಮ್ಮೆ, ಚೈನ್ ಒಂದು ಪೂರ್ತಿ ಸುತ್ತು ಬಂದ ಲೆಕ್ಕದಲ್ಲಿ, ತಪ್ಪದೆ ಸದ್ದು ಮಾಡುತ್ತದೆ. ನಿಮ್ಮದು ಭಾರ ಬಿದ್ದಾಗ ಮಾತ್ರ ಜಾರುತ್ತದೆ, ಅದೂ ಹೊಸ ಚೈನಿನಲ್ಲಿ ಮಾತ್ರ. ಎಂದರೆ ಹೊಸ ಚೈನಿಗೂ ಹಳೆಯ ಹಲ್ಲಿಗೂ ಹೊಂದಾಣಿಕೆಯಾಗುತ್ತಿಲ್ಲ.

ಇದು ಹೇಗೆ ಆಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ‘ಚೈನ್ ಹಿಗ್ಗಿದೆ’ ಎಂಬ ಮಾತು ಎಲ್ಲ ಸೈಕಲ್ ಅಂಗಡಿಗಳಲ್ಲೂ ಕೇಳಿಬರುತ್ತದೆ. ಆದರೆ ಉಕ್ಕಿನ ಪಟ್ಟಿ ರಬ್ಬರಿನ ಹಾಗೆ ಹಿಗ್ಗುವುದಿಲ್ಲ. 1880ರಲ್ಲಿ ಮ್ಯಾಂಚೆಸ್ಟರಿನ ಹ್ಯಾನ್ಸ್ ರೆನಾಲ್ಡ್ ಪೇಟೆಂಟ್ ಪಡೆದ ರೋಲರ್ ಚೈನಿನ ಮೂಲ ವಿನ್ಯಾಸವೇ ಇಂದಿಗೂ ನಮ್ಮ ಸೈಕಲ್ಲುಗಳಲ್ಲಿದೆ: ಎರಡು ಬದಿಯ ಪಟ್ಟಿಗಳನ್ನು ಹಿಡಿದ ಪಿನ್ನು, ಅದರ ಸುತ್ತ ತಿರುಗುವ ಒಳಕೊಂಡಿ, ಹೊರಗೆ ಹಲ್ಲಿಗೆ ತಾಗುವ ರೋಲರು. ಪಿನ್ನಿನಿಂದ ಪಿನ್ನಿಗೆ ಸರಿಯಾಗಿ ಅರ್ಧ ಅಂಗುಲ, ಅಂದರೆ 12.7 ಮಿಲಿಮೀಟರ್. ಚೈನ್ ಹಲ್ಲಿನ ಮೇಲೆ ಬಾಗಿ ಮತ್ತೆ ನೆಟ್ಟಗಾಗುವಾಗಲೆಲ್ಲ ಪಿನ್ನು ತನ್ನ ಮನೆಯೊಳಗೆ ಉಜ್ಜುತ್ತದೆ. ಎಣ್ಣೆಯ ಜೊತೆ ರಸ್ತೆಯ ಮಣ್ಣೂ ಸೇರಿಕೊಂಡರೆ ಅದು ಸಾಣೆಪುಡಿಯ ಕೆಲಸ ಮಾಡುತ್ತದೆ. ಒಂದೊಂದು ಜೋಡಣೆಯಲ್ಲಿ ಸವೆಯುವುದು ತಲೆಕೂದಲಿನ ದಪ್ಪದಷ್ಟು ಮಾತ್ರ, ಸುಮಾರು 0.06 ಮಿಲಿಮೀಟರ್. ಆದರೆ ಅಂತಹ ಜೋಡಣೆಗಳು ಒಂದು ಚೈನಿನಲ್ಲಿ 110ರ ಆಸುಪಾಸಿನಲ್ಲಿ ಇರುವುದರಿಂದ ಇಡೀ ಚೈನ್ 7 ಮಿಲಿಮೀಟರಿನಷ್ಟು ಉದ್ದವಾಗಿಬಿಡುತ್ತದೆ. ಇದನ್ನೇ ಶೇ. 0.5ರ ಸವೆತ ಎನ್ನುತ್ತಾರೆ.

ಅಂತರ ಹೀಗೆ ಹೆಚ್ಚಿದ ಚೈನ್ ಫ್ರೀವೀಲಿನ ಹಲ್ಲುಗಳ ಮೇಲೆ ಭಾರವನ್ನು ಸಮನಾಗಿ ಹಂಚಲಾರದು. ಮೇಲ್ಗಡೆ, ಬಿಗಿಯಾದ ಬದಿಯಲ್ಲಿ, ಹಲ್ಲನ್ನು ಬಿಟ್ಟು ಹೊರಡಲಿರುವ ರೋಲರಿನ ಮೇಲೆಯೇ ಹೆಚ್ಚಿನ ಭಾರ ಬೀಳುತ್ತದೆ. ಅದು ಆ ಭಾರ ಹೊತ್ತುಕೊಂಡೇ ಹಲ್ಲಿನ ಮೈಯನ್ನು ತೀಡುತ್ತ ಮೇಲೇಳುತ್ತದೆ. ತಿಂಗಳುಗಟ್ಟಲೆ ಹೀಗೆ ತೀಡಿದ ಮೇಲೆ ಹಲ್ಲಿನ ಒಂದು ಬದಿ ಮಾತ್ರ ಒಳಕ್ಕೆ ಕುಳಿಬಿದ್ದು, ತುದಿ ಕುಡುಗೋಲಿನಂತೆ ಸ್ವಲ್ಪ ಬಾಗಿ ನಿಲ್ಲುತ್ತದೆ. ಆ ಕುಳಿ ಹಳೆಯ ಚೈನಿನ ಅಳತೆಗೆ ಬಿದ್ದದ್ದು, ಆದ್ದರಿಂದ ಹಳೆಯ ಚೈನ್ ಅದರಲ್ಲಿ ಹಾಯಾಗಿ ಕೂರುತ್ತದೆ. ಹೊಸ ಚೈನಿನ ಅಂತರ ಸರಿಯಾದ ಅರ್ಧ ಅಂಗುಲ. ಅದರ ಒಂದು ರೋಲರು ತನ್ನ ಹಲ್ಲಿಗೆ ಒರಗಿ ಕುಳಿತಿರುವಾಗ, ಹಿಂದೆ ಬರುವ ರೋಲರಿಗೆ ಮುಂದಿನ ಕುಳಿಯ ಬಾಗಿದ ಅಂಚು ಅಡ್ಡ ಬರುತ್ತದೆ. ಒಳಗೆ ಇಳಿಯಲಾಗದೆ ಅದು ತುದಿಯ ಮೇಲೆಯೇ ನಿಲ್ಲುತ್ತದೆ. ಮೆಲ್ಲಗೆ ತುಳಿದಾಗ ಹೇಗೋ ಒಳಸೇರುತ್ತದೆ. ಏರಿನಲ್ಲಿ ಎದ್ದು ತುಳಿದಾಗ ಒಂದು ಹಲ್ಲು ಹಾರುತ್ತದೆ, ನಿಮ್ಮ ಕಾಲು ಕುಸಿಯುತ್ತದೆ, ಅದೃಷ್ಟ ಕೆಟ್ಟರೆ ಮೊಣಕಾಲು ಹ್ಯಾಂಡಲಿಗೆ ಬಡಿಯುತ್ತದೆ.

ಈ ಸವೆತ ಕಣ್ಣಿಗೆ ಕಾಣಲೇಬೇಕೆಂದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಹಲ್ಲುಗಳು ಚೂಪಾಗಿ ಸೂಜಿಯಂತಾದರೆ ಯಾರಿಗೂ ಅನುಮಾನ ಬರುವುದಿಲ್ಲ, ಆದರೆ ಬಹಳಷ್ಟು ಫ್ರೀವೀಲುಗಳು ನೋಡಲು ಚೆನ್ನಾಗಿಯೇ ಇದ್ದು ಹೊಸ ಚೈನನ್ನು ಒದ್ದು ಹೊರಹಾಕುತ್ತವೆ. ‘ಹಲ್ಲು ಸರಿಯಾಗಿಯೇ ಇದೆಯಲ್ಲ’ ಎಂದು ಅಂಗಡಿಯವರೊಂದಿಗೆ ವಾದಿಸುವವರು ಸೋಲುವುದು ಇಲ್ಲಿಯೇ.

ಮುಂದೆ ಪೆಡಲಿನ ಜೊತೆ ತಿರುಗುವ ದೊಡ್ಡ ಹಲ್ಲುಚಕ್ರದ, ಅಂದರೆ ಚೈನ್‌ವೀಲಿನ, ವಿಷಯ ಬೇರೆ. ಅದರಲ್ಲಿ 44 ಅಥವಾ 48 ಹಲ್ಲುಗಳಿದ್ದು ಕೆಲಸ ಹಂಚಿಹೋಗುತ್ತದೆ. ಜೊತೆಗೆ ಚೈನ್ ಅದರ ಮೇಲೆ ಬಂದು ಕೂರುವುದು ಬಿಗಿಯಾದ ಬದಿಯಿಂದ, ಆ ಬಿಗಿಯೇ ರೋಲರುಗಳನ್ನು ಹಲ್ಲುಗಳ ನಡುವೆ ಒತ್ತಿ ಕೂರಿಸುತ್ತದೆ. ಹಿಂದಿನ ಫ್ರೀವೀಲಿಗೆ ಚೈನ್ ಬಂದು ಸೇರುವುದು ಕೆಳಗಿನ ಸಡಿಲ ಬದಿಯಿಂದ, ಆದ್ದರಿಂದ ಅದಕ್ಕೆ ಈ ನೆರವಿಲ್ಲ. ಹಾಗಾಗಿ ಒಂದು ಚೈನ್‌ವೀಲ್ ಹಲವು ಫ್ರೀವೀಲುಗಳನ್ನು ಕಂಡು ಉಳಿಯುವುದು ಸಾಮಾನ್ಯ. ಅದನ್ನೂ ಬದಲಿಸಿ ಎಂದು ಯಾರಾದರೂ ಹೇಳಿದರೆ ಮೊದಲು ಫ್ರೀವೀಲ್ ಬದಲಿಸಿ, ಒಂದು ವಾರ ಓಡಿಸಿ ನೋಡಿ. ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ಪೆಡಲಿನ ತೋಳನ್ನು ಬಿಗಿಹಿಡಿದಿರುವ ಕಾಟರ್ ಪಿನ್ನನ್ನು ಸುತ್ತಿಗೆಯಿಂದ ಹೊಡೆದು ಹೊರಡಿಸಿ ಆ ಚಕ್ರ ತೆಗೆಯುವ ಕೆಲಸ ಅನಗತ್ಯವಾಗಿ ಮೈಮೇಲೆ ಹಾಕಿಕೊಳ್ಳುವಂಥದ್ದಲ್ಲ.

ಚೈನಿನ ಸವೆತ ಅಳೆಯುವುದಕ್ಕೆ ಪ್ರತ್ಯೇಕ ಸಾಧನ ಸಿಗುತ್ತದೆ, ಆದರೆ ಮಕ್ಕಳ ಶಾಲೆಯ 30 ಸೆಂಟಿಮೀಟರ್ ಸ್ಕೇಲು ಸಾಕು. ಮೇಲ್ಗಡೆಯ ಚೈನ್ ಬಿಗಿಯಾಗಿರುವಂತೆ ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ತುಸು ಒತ್ತಿಕೊಳ್ಳಿ. ಈ ಕೆಲಸಕ್ಕೆ ಮನೆಯಲ್ಲಿ ಇನ್ನೊಂದು ಜೊತೆ ಕೈ ಇದ್ದರೆ ಅನುಕೂಲ. ಬಟ್ಟೆಯಿಂದ ಪಿನ್ನಿನ ತಲೆಗಳನ್ನು ಒರಸಿ. ಒಂದು ಪಿನ್ನಿನ ನಟ್ಟನಡುವೆ ಸೊನ್ನೆಯನ್ನು ಇಟ್ಟು, ಅದನ್ನು ಬಿಟ್ಟು ಮುಂದಿನ 20ನೆಯ ಪಿನ್ನಿನ ನಡುಭಾಗ ಎಲ್ಲಿಗೆ ಬರುತ್ತದೆ ಎಂದು ನೋಡಿ. ಹೊಸ ಚೈನಿನಲ್ಲಿ ಅದು ಸರಿಯಾಗಿ 254 ಮಿಲಿಮೀಟರಿಗೆ ಬೀಳುತ್ತದೆ. 255 ದಾಟಿ ಕಾಲು ಮಿಲಿಮೀಟರಿನಷ್ಟು ಮುಂದೆ ಹೋಗಿದ್ದರೆ ಶೇ. 0.5 ಸವೆದಿದೆ, ಚೈನ್ ಮಾತ್ರ ಬದಲಿಸಿ ಫ್ರೀವೀಲನ್ನು ಉಳಿಸಿಕೊಳ್ಳಲು ಇದು ತಕ್ಕ ಹೊತ್ತು. 256ರ ಮೇಲೆ ಅರ್ಧಕ್ಕೆ ಬಂದಿದ್ದರೆ ಶೇ. 1 ಸವೆದಿದೆ, ಆಗ ಫ್ರೀವೀಲೂ ಅದರೊಂದಿಗೆ ಹೋಗಿದೆ ಎಂದುಕೊಳ್ಳುವುದೇ ಲೇಸು. ನೀವು ಬಿಚ್ಚಿಟ್ಟಿರುವ ಹಳೆಯ ಚೈನನ್ನು ಒಂದು ಮೊಳೆಗೆ ನೇತುಹಾಕಿ ಹೀಗೆ ಅಳೆದು ನೋಡಿ, 256½ ಮೀರಿರುತ್ತದೆ ಎಂದೇ ನನ್ನ ಊಹೆ.

ಇನ್ನು ಬದಲಿಸುವ ಕೆಲಸ. ಫ್ರೀವೀಲು ಚಕ್ರದ ನಡುವಿನ ಹಬ್ಬಿನ ಮೇಲೆ ಮರೆಯ, ಅಂದರೆ ತಿರುಪಿನ ಎಳೆಗಳ, ಮೂಲಕ ಕೂತಿರುತ್ತದೆ. ದೊಡ್ಡವರ ಸೈಕಲ್ಲುಗಳಲ್ಲಿ ಈ ಮರೆ ಸಾಮಾನ್ಯವಾಗಿ 1.37 ಅಂಗುಲ ವ್ಯಾಸದ್ದು, ಅಂಗುಲಕ್ಕೆ 24 ಎಳೆಗಳದ್ದು, ಆದ್ದರಿಂದ ಹಳೆಯ ಸೈಕಲ್ಲಿಗೂ ಹೊಸ ಫ್ರೀವೀಲ್ ಹೊಂದುತ್ತದೆ. ನೀವು ತುಳಿದ ಪ್ರತಿ ತುಳಿತವೂ ಅದನ್ನು ಇನ್ನಷ್ಟು ಬಿಗಿ ಮಾಡಿರುವುದರಿಂದ, ಏಳು ವರ್ಷ ಕೂತ ಫ್ರೀವೀಲ್ ಬರಿಗೈಗೆ ಬರುವುದಿಲ್ಲ. ಅದರ ಮುಖದ ಮೇಲಿರುವ ಎರಡು ಅಥವಾ ನಾಲ್ಕು ಕಚ್ಚುಗಳಿಗೆ ಸರಿಹೊಂದುವ ಓಪನರನ್ನು ಇಟ್ಟು, ಅದು ಜಾರದಂತೆ ಮೇಲಿಂದ ಆಕ್ಸಲಿನ ನಟ್ಟನ್ನು ಹಗುರಾಗಿ ಬಿಗಿದು, ಓಪನರನ್ನು ವೈಸಿಗೆ ಕಚ್ಚಿಸಿ, ಇಡೀ ಚಕ್ರವನ್ನು ಬಸ್ಸಿನ ಸ್ಟೀರಿಂಗಿನಂತೆ ಎರಡೂ ಕೈಯಿಂದ ಎಡಕ್ಕೆ ತಿರುಗಿಸಬೇಕು. ಒಮ್ಮೆ ಸಡಿಲವಾದೊಡನೆ ನಟ್ಟನ್ನು ತೆಗೆದುಬಿಡಿ, ಇಲ್ಲವಾದರೆ ಆಕ್ಸಲಿನ ಮರೆ ಕೆಡುತ್ತದೆ. ವೈಸ್ ಇಲ್ಲದವರು ಕಚ್ಚುಗಳಿಗೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯುವುದನ್ನು ನೋಡಿದ್ದೇನೆ. ಕಚ್ಚು ಮುರಿದ ಮೇಲೆ ಫ್ರೀವೀಲನ್ನು ಒಡೆದೇ ತೆಗೆಯಬೇಕಾಗುತ್ತದೆ. ಮನೆಯಲ್ಲಿ ಮಾಡಬಹುದಾದ ಎಲ್ಲ ಸೈಕಲ್ ಕೆಲಸಗಳ ಪೈಕಿ ಇದೊಂದನ್ನು ಅಂಗಡಿಯಲ್ಲಿ ಮಾಡಿಸುವುದರಲ್ಲಿ ನಾಚಿಕೆಯಿಲ್ಲ. ಹೊಸದನ್ನು ಕೂರಿಸುವುದು ಸುಲಭ: ಮರೆಗೆ ಗ್ರೀಸ್ ಹಚ್ಚಿ, ಓರೆಯಾಗದಂತೆ ನೋಡಿಕೊಂಡು ಕೈಯಿಂದಲೇ ತಿರುಗಿಸಿ ಬಿಡಿ, ಉಳಿದ ಬಿಗಿಯನ್ನು ನಿಮ್ಮ ಕಾಲೇ ಕೊಡುತ್ತದೆ.

ಕೊಳ್ಳುವಾಗ ಹಲ್ಲಿನ ಎಣಿಕೆ ಗಮನಿಸಿ. ಗೇರಿಲ್ಲದ ಸೈಕಲ್ಲುಗಳಲ್ಲಿ ಹಿಂದೆ 18 ಹಲ್ಲು ಸಾಮಾನ್ಯ. ಮುಂದೆ 48 ಇದ್ದು, 28 ಅಂಗುಲದ ಚಕ್ರವಾದರೆ ಒಂದು ಸುತ್ತು ಪೆಡಲಿಗೆ ಸೈಕಲ್ಲು 6 ಮೀಟರಿಗೆ ಸ್ವಲ್ಪವೇ ಕಡಿಮೆ ಮುಂದೆ ಹೋಗುತ್ತದೆ. 20 ಹಲ್ಲಿನದನ್ನು ಹಾಕಿದರೆ 5.3 ಮೀಟರಿನಷ್ಟು. ಏರಿನಲ್ಲಿ ಎದ್ದು ನಿಂತು ತುಳಿಯುವ ಅಗತ್ಯ ನಿಮಗೆ ದಿನವೂ ಬೀಳುತ್ತಿದ್ದರೆ, ಹೇಗೂ ಬದಲಿಸುವ ಫ್ರೀವೀಲನ್ನು 20 ಹಲ್ಲಿನದಾಗಿಸಿಕೊಳ್ಳುವುದು ಒಳ್ಳೆಯದು. ಚೈನ್ ಒಂದೆರಡು ಕೊಂಡಿ ಹೆಚ್ಚು ಬೇಕಾದೀತು, ಅದನ್ನು ಮೊದಲೇ ಹೇಳಿ ತನ್ನಿ. ಗೇರಿನ ಸೈಕಲ್ಲಿನ ಚೈನ್ ಒಳಗಿನಿಂದ ಕಿರಿದು, ನಿಮ್ಮ ದಪ್ಪ ಹಲ್ಲಿನ ಮೇಲೆ ಕೂರುವುದಿಲ್ಲ ಎಂಬುದೂ ನೆನಪಿರಲಿ.

ಹಳೆಯ ಚೈನನ್ನು ಪಕ್ಕದಲ್ಲಿಟ್ಟು ಅದರ ಉದ್ದಕ್ಕೆ ಹೊಸದನ್ನು ಕತ್ತರಿಸುವುದು ಬಹಳ ಮಂದಿ ಮಾಡುವ ತಪ್ಪು. ಶೇ. 1 ಸವೆದ 110 ಕೊಂಡಿಯ ಚೈನ್ 14 ಮಿಲಿಮೀಟರ್ ಉದ್ದವಾಗಿರುತ್ತದೆ, ಅದು ಒಂದು ಪೂರ್ತಿ ಕೊಂಡಿಗಿಂತಲೂ ಹೆಚ್ಚು. ಆದ್ದರಿಂದ ಉದ್ದವನ್ನು ಹೋಲಿಸದೆ ಪಿನ್ನುಗಳನ್ನು ಎಣಿಸಬೇಕು. ಜೋಡಿಸುವ ಚೈನ್ ಲಾಕಿನ ಸ್ಪ್ರಿಂಗ್ ಕ್ಲಿಪ್ಪಿಗೆ ಒಂದು ತುದಿ ಮುಚ್ಚಿದ್ದು, ಇನ್ನೊಂದು ಸೀಳಿದ್ದು. ಚೈನ್ ಚಲಿಸುವ ದಿಕ್ಕಿಗೆ ಮುಚ್ಚಿದ ತುದಿಯೇ ಮುಂದಿರಬೇಕು. ಮೇಲ್ಗಡೆಯ ಚೈನಿನಲ್ಲಿ ನೋಡಿದರೆ ಮುಚ್ಚಿದ ತುದಿ ಮುಂಚಕ್ರದ ಕಡೆಗಿರುತ್ತದೆ. ಇದನ್ನು ತಿರುಗುಮುರುಗಾಗಿ ಹಾಕಿದ ಒಂದು ಮಳೆಗಾಲದ ಸಂಜೆ ನನ್ನ ಕ್ಲಿಪ್ಪು ದಾರಿಯಲ್ಲೆಲ್ಲೋ ಸಿಡಿದುಹೋಗಿ, ಚೈನನ್ನು ಚೀಲದಲ್ಲಿ ತುಂಬಿಕೊಂಡು ಮನೆಯವರೆಗೂ ಸೈಕಲ್ಲು ತಳ್ಳಿಕೊಂಡು ಬಂದದ್ದುಂಟು.

ಈಗ ಖರ್ಚಿನ ಮಾತು. ಗೇರಿರುವ ಸೈಕಲ್ಲಿನವರಿಗೆ ನನ್ನ ಸಲಹೆ ಸ್ಪಷ್ಟ: ಅಲ್ಲಿ ಹಿಂದಿನ ಏಳೆಂಟು ಹಲ್ಲುಚಕ್ರಗಳ ಗುಚ್ಛ ಚೈನಿಗಿಂತ ದುಬಾರಿ, ಆದ್ದರಿಂದ ತಿಂಗಳಿಗೊಮ್ಮೆ ಅಳೆದು, 255¼ ಬಂದೊಡನೆ ಚೈನ್ ಬದಲಿಸಿದರೆ ಒಂದು ಗುಚ್ಛದ ಮೇಲೆ ಎರಡು ಮೂರು ಚೈನುಗಳನ್ನು ಓಡಿಸಬಹುದು. ಗೇರಿಲ್ಲದ ಸೈಕಲ್ಲಿಗೆ ಅದೇ ನಿಯಮವನ್ನು ಹೇರುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಫ್ರೀವೀಲೂ ದೊಡ್ಡ ಬೆಲೆಯದಲ್ಲ. ಪೇಟೆಗೆ ಹಾಲು ಒಯ್ಯುವ ಸೈಕಲ್ಲು, ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಹಂಚಿದಂತಹ ಸೈಕಲ್ಲು, ಇವುಗಳಲ್ಲಿ ಎರಡನ್ನೂ ಒಟ್ಟಿಗೆ ಪೂರ್ತಿ ಸವೆಯಗೊಟ್ಟು ಒಟ್ಟಿಗೇ ಬದಲಿಸುವುದು ಜಾಣತನ. ಸವೆದ ಚೈನು ಸವೆದ ಹಲ್ಲಿನ ಮೇಲೆ ಇನ್ನೂ ಬಹಳ ಕಾಲ ಓಡುತ್ತದೆ, ನಿಮ್ಮ ಪರೀಕ್ಷೆಯೇ ಅದಕ್ಕೆ ಸಾಕ್ಷಿ. ಎರಡೂ ಸವೆದ ಮೇಲೆ ಒಂದನ್ನೇ ಬದಲಿಸುವ ನಡುದಾರಿಯಲ್ಲಿ ಮಾತ್ರ ನಷ್ಟವಿದೆ: ಹೊಸ ಚೈನ್ ಹಳೆಯ ಹಲ್ಲಿನ ಮೇಲೆ ಹಾರುತ್ತದೆ, ಹಳೆಯ ಚೈನ್ ಹೊಸ ಹಲ್ಲನ್ನು ಬೇಗನೆ ತಿನ್ನುತ್ತದೆ.

ಎಣ್ಣೆಯ ವಿಷಯದಲ್ಲಿ ಎರಡು ಮಾತು ಸಾಕು. ಹೊಸ ಚೈನಿಗೆ ಕಾರ್ಖಾನೆಯಲ್ಲಿ ತುಂಬಿದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದು ತೆಗೆಯಬೇಡಿ. ಆಮೇಲೆ ಒಣಗಿದಂತೆ ಕಂಡಾಗ ಕೆಳಗಿನ ಚೈನಿನ ಒಳಮೈಯಲ್ಲಿ, ರೋಲರಿಗೊಂದರಂತೆ ಹನಿ ಬಿಟ್ಟು, ಪೆಡಲನ್ನು ಹಿಂದಕ್ಕೆ ಇಪ್ಪತ್ತು ಸುತ್ತು ತಿರುಗಿಸಿ, ಹೊರಗೆ ಉಳಿದದ್ದನ್ನು ಹಳೆಯ ಬನಿಯನ್ನಿನಿಂದ ಪೂರ್ತಿ ಒರಸಿಬಿಡಿ. ಎಣ್ಣೆ ಬೇಕಾದದ್ದು ಪಿನ್ನಿಗೆ, ಹೊರಮೈಯಲ್ಲಿ ಉಳಿದದ್ದು ಧೂಳನ್ನು ಕರೆದು ಕೂರಿಸುತ್ತದೆ. ಹೊಲಿಗೆಯಂತ್ರದ ಎಣ್ಣೆ ನಡೆಯುತ್ತದೆ, ಆದರೆ ತೆಳು, ಮಳೆಗೆ ನಿಲ್ಲುವುದಿಲ್ಲ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ. ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುವ ಕರಿಯ ಎಂಜಿನ್ ಆಯಿಲಿನಲ್ಲಿ ಮಸಿಯೂ ಲೋಹದ ಪುಡಿಯೂ ಇರುತ್ತವೆ, ಅದನ್ನು ಹಾಕುವುದಕ್ಕಿಂತ ಏನೂ ಹಾಕದಿರುವುದು ಮೇಲು.

ಹೊಸ ಫ್ರೀವೀಲ್ ಕೂರಿಸಿದ ಮೇಲೆ ಹಿಂಚಕ್ರವನ್ನು ಹಿಂದಕ್ಕೆಳೆದು, ಚೈನಿನ ನಡುಭಾಗ ಬೆರಳಿನಲ್ಲಿ ಒತ್ತಿದರೆ ಮೇಲೆ ಕೆಳಗೆ ಅರ್ಧ ಅಂಗುಲ ಆಡುವಷ್ಟು ಸಡಿಲ ಬಿಟ್ಟು ನಟ್ಟು ಬಿಗಿಯಿರಿ. ಪೆಡಲನ್ನು ಮೆಲ್ಲಗೆ ತಿರುಗಿಸುತ್ತ ಎಲ್ಲಿಯಾದರೂ ಚೈನ್ ತಂತಿಯಂತೆ ಬಿಗಿಯುತ್ತದೆಯೇ ನೋಡಿ, ಬಿಗಿದರೆ ಆ ಜಾಗದಲ್ಲಿ ಅರ್ಧ ಅಂಗುಲ ಸಿಗುವಂತೆ ಚಕ್ರವನ್ನು ಕೂದಲೆಳೆಯಷ್ಟು ಮುಂದಕ್ಕೆ ತನ್ನಿ. ಮೊದಲ ಏರು ಹತ್ತುವವರೆಗೆ ಫ್ರೀವೀಲು ತನ್ನ ಮರೆಯಲ್ಲಿ ಇನ್ನೂ ಒಂದಿಷ್ಟು ತಿರುಗಿ ಕೂರುತ್ತದೆ. ಆಗ ಒಂದು ಬಾರಿ ಪೆಡಲು ತುಸು ಜಾರಿದಂತೆ ಅನ್ನಿಸಿದರೆ ಗಾಬರಿಯಾಗಬೇಡಿ, ಅದು ಹಲ್ಲು ಹಾರಿದ್ದಲ್ಲ.