ಮೈಲುತುತ್ತಕ್ಕೆ ಸುಣ್ಣ ಎಷ್ಟು?

ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣದ ಲೆಕ್ಕ ಬೆಳೆಗಾರರಿಗೆ ಬಾಯಿಪಾಠ: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ವರದಿ ಬರೆದ ಕಾಲದಿಂದ ಈ ಮದ್ದು ನಮ್ಮಲ್ಲಿದೆ. ಆದರೂ ಅಳತೆ ಸರಿಯಿದ್ದೂ ಎಳೆ ಕಾಯಿ ಸುಡುವುದು, ಪಂಪಿನ ನಾಜಲ್ ಕಟ್ಟುವುದು ತಪ್ಪಿಲ್ಲ. ಕಾರಣ ಹೆಚ್ಚಾಗಿ ಸುಣ್ಣದಲ್ಲಿರುತ್ತದೆ.

ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಒಂದು ಲವಣ. ಲವಣವೆಂದ ಮಾತ್ರಕ್ಕೆ ಅದು ತಟಸ್ಥವಲ್ಲ. ಪ್ರಬಲವಾದ ಸಲ್ಫ್ಯೂರಿಕ್ ಆಮ್ಲ ಮತ್ತು ದುರ್ಬಲ ಪ್ರತ್ಯಾಮ್ಲವಾದ (ಪ್ರತ್ಯಾಮ್ಲವೆಂದರೆ ಆಮ್ಲದ ಹುಳಿಯನ್ನು ಕಳೆಯುವ ವಸ್ತು) ತಾಮ್ರದ ಹೈಡ್ರಾಕ್ಸೈಡ್ ಸೇರಿ ಆದ ಲವಣವಿದು. ನೀರಿಗೆ ಬಿದ್ದಾಗ ಆಮ್ಲದ ಗುಣವೇ ಮೇಲಾಗುತ್ತದೆ. ಇದರ ಶೇ 1ರ ದ್ರಾವಣದ ಪಿಎಚ್ (ಹುಳಿಯ ಅಳತೆ; 7 ಎಂದರೆ ತಟಸ್ಥ, ಅದಕ್ಕಿಂತ ಕಡಿಮೆಯೆಂದರೆ ಹುಳಿ) ಸುಮಾರು 4. ಕಾಯಿ ಸುಡುವುದು ಈ ಹುಳಿಯೂ ಕರಗಿದ ತಾಮ್ರವೂ ಹಾಗೇ ಉಳಿದಾಗ.

ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕುದಿಯುವಷ್ಟು ಬಿಸಿಯೇರಿ ಅರಳಿದ ಸುಣ್ಣವಾಗುತ್ತದೆ; ಅದು ಪ್ರತ್ಯಾಮ್ಲ. (ಅರಳಿಸುವಾಗ ಮುಖ ಹತ್ತಿರ ತರಬೇಡಿ, ಕಣ್ಣಿಗೆ ಸಿಡಿದರೆ ಬಹಳ ಅಪಾಯ.) ಇದು ತುತ್ತದೊಂದಿಗೆ ಸೇರಿದಾಗ ತಾಮ್ರವು ತಿಳಿನೀಲಿ ಲೋಳೆಯಂತಹ ಕಣಗಳಾಗಿ ನಿಲ್ಲುತ್ತದೆ, ಜೊತೆಗೆ ಜಿಪ್ಸಂ ಹುಟ್ಟುತ್ತದೆ. ಎಲೆ, ಕಾಯಿಗೆ ಅಂಟಿ ಕೂತು, ಮಳೆನೀರಿನಲ್ಲಿ ಸ್ವಲ್ಪಸ್ವಲ್ಪವೇ ತಾಮ್ರ ಬಿಟ್ಟು ಶಿಲೀಂಧ್ರವನ್ನು ತಡೆಯುವುದು ಆ ಲೋಳೆಯೇ.

1 ಕಿಲೋ ತುತ್ತಕ್ಕೆ ಶುದ್ಧ ಅರಳಿದ ಸುಣ್ಣ ಸುಮಾರು 300 ಗ್ರಾಂ ಸಾಕು ಎನ್ನುತ್ತದೆ ರಾಸಾಯನಿಕ ಲೆಕ್ಕ. ಹಾಗಾದರೆ 1 ಕಿಲೋ ಯಾಕೆ? ನಮ್ಮ ಕೈಗೆ ಬರುವ ಸುಣ್ಣದಲ್ಲಿ ನೀರಿದೆ, ಬೇಯದ ಚಿಪ್ಪಿದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಕಾರ್ಬೊನೇಟ್ ಆದ ಭಾಗವಿದೆ. ಚೀಲ ಬಿಚ್ಚಿಟ್ಟು ತಿಂಗಳುಗಟ್ಟಲೆ ಬಿಟ್ಟ ಸುಣ್ಣ ನೋಡಲು ಬೆಳ್ಳಗೇ ಇದ್ದರೂ ಶಕ್ತಿ ಕಳೆದುಕೊಂಡಿರುತ್ತದೆ. ಒಳ್ಳೆಯ ಹೊಸ ಸುಣ್ಣವಾದರೆ 1 ಕಿಲೋ ಹೆಚ್ಚೇ ಆಗಿ, ತಾಮ್ರ ಬಿಡುವುದು ನಿಧಾನವಾಗುತ್ತದೆ. ಹಾಗಾಗಿ ತಕ್ಕಡಿಗಿಂತ ಪರೀಕ್ಷೆಯನ್ನು ನಂಬಬೇಕು.

ಹಿಂದಿನ ರಾತ್ರಿ ತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಬಿಡಿ. ಕರಗಿದ ನೀರು ಭಾರವಾಗಿ ಕೆಳಗಿಳಿಯುತ್ತಾ ಹೋಗುವುದರಿಂದ ಕಲಕದೆಯೇ ಕರಗುತ್ತದೆ. ಪ್ಲಾಸ್ಟಿಕ್ ಅಥವಾ ಮಣ್ಣಿನ ಪಾತ್ರೆ ಬೇಕು. ಕಬ್ಬಿಣ, ತಗಡು ಬೇಡ. ಸುಣ್ಣದ ಹಾಲನ್ನು ಇನ್ನೊಂದು 50 ಲೀಟರಿನಲ್ಲಿ ಮಾಡಿ, ಬಟ್ಟೆಯಲ್ಲಿ ಸೋಸಿ, ಪೂರ್ತಿ ತಣಿಯಲು ಬಿಡಿ. ಆಮೇಲೆ ಸುಣ್ಣದ ಹಾಲನ್ನು ಕಲಕುತ್ತಾ ಅದಕ್ಕೆ ತುತ್ತದ ನೀರನ್ನು ಸುರಿಯಿರಿ. ಸುಣ್ಣವನ್ನೇ ತುತ್ತಕ್ಕೆ ಸುರಿದರೆ, ಅಥವಾ ಎರಡನ್ನೂ ಗಟ್ಟಿಯಾಗಿ ಬೆರೆಸಿ ಕೊನೆಗೆ ನೀರು ಹಾಕಿದರೆ, ಕಣಗಳು ದಪ್ಪಗಾಗಿ ತಳಕ್ಕೆ ಕೂರುತ್ತವೆ.

ಈಗ ಪರೀಕ್ಷೆ. ಬೂದಿ ಹಾಕಿ ಉಜ್ಜಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಇಟ್ಟಿಗೆಗೆಂಪು ಪೊರೆ ಕಂಡರೆ ಕರಗಿದ ತಾಮ್ರ ಇನ್ನೂ ಇದೆ. ಕಬ್ಬಿಣ ದ್ರಾವಣಕ್ಕೆ ಇಳಿದು ತಾಮ್ರ ಅದರ ಜಾಗದಲ್ಲಿ ಕೂತಿದೆ. ಪೊರೆ ಕಟ್ಟುವುದು ನಿಲ್ಲುವವರೆಗೆ ಸುಣ್ಣದ ಹಾಲು ಸ್ವಲ್ಪಸ್ವಲ್ಪ ಸೇರಿಸಿ. ಸ್ಟೇನ್‌ಲೆಸ್ ಸ್ಟೀಲ್ ಚಾಕು ಈ ಕೆಲಸಕ್ಕೆ ಬಾರದು. ನೀಲಿ ಲಿಟ್ಮಸ್ ಕಾಗದ ಕೆಂಪಾದರೂ ಅರ್ಥ ಅದೇ. ಅರಿಸಿನದ ನೀರು ಇಲ್ಲಿ ಮೋಸ ಮಾಡುತ್ತದೆ: ಸುಣ್ಣ ಹೆಚ್ಚಾದರೆ ಅದು ಕೆಂಪಾಗುತ್ತದೆ ನಿಜ, ಆದರೆ ಪಿಎಚ್ 4ಕ್ಕೂ 7ಕ್ಕೂ ಒಂದೇ ಹಳದಿ ತೋರಿಸುತ್ತದೆ.

ಬೆರೆಸಿದ್ದನ್ನು ಅಂದೇ ಹೊಡೆದು ಮುಗಿಸಿ. ನಿಂತಂತೆ ಲೋಳೆ ಹರಳುಗಟ್ಟಿ ಅಂಟುವ ಗುಣ ಹೋಗುತ್ತದೆ. ಹಿತ್ತಾಳೆ ನಾಜಲಿನಲ್ಲಿ ಕಟ್ಟಿದ ನೀಲಿ ಪಾಚಿಯಂಥ ಪೊರೆಯನ್ನು ವಿನೆಗರ್ ಕರಗಿಸುತ್ತದೆ. ಗುಳ್ಳೆ ಬಂದರೆ ಕಾರ್ಬೊನೇಟ್ ಆದ ಸುಣ್ಣವೂ ಅದರಲ್ಲಿತ್ತು ಎಂದರ್ಥ. ಕರಗಿದ ಕೂಡಲೇ ನಾಜಲನ್ನು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಆ ವಿನೆಗರಿನಲ್ಲಿ ಈಗ ತಾಮ್ರದ ಲವಣ ಇರುತ್ತದೆ, ಅದನ್ನು ಅಡುಗೆಮನೆಗೆ ಮರಳಿ ಒಯ್ಯಬೇಡಿ.